ರಮ್ಮು, ಕೋಲಾ ಬೆರೆಸಿದ್ದು

"ಅಳಿಯಂದ್ರು ಕುಡಿಯೋದಾ? ಅಯ್ಯೋ ಡಾಕ್ಟರಮ್ಮ, ಅವರು ಕೆಮ್ಮಿನ ಔಷಧಿ ಕುಡಿಯೋಕೂ ಮೂಗು ಹಿಡ್ಕೋತಾರೆ. ಇಲ್ಲ ಅಂತ ಬರ್ಕೊಳ್ಳಿ. ದಪ್ಪಕ್ಷರದಲ್ಲಿ ಬರ್ಕೊಳ್ಳಿ."

ಪ್ರಶ್ನೆ ಕೇಳಿದ್ದು ಅಳಿಯನನ್ನು, ಉತ್ತರ ಬಂದದ್ದು ಅತ್ತೆಯಿಂದ. ಡಾಕ್ಟರಮ್ಮ ಪೆನ್ನನ್ನು ಗಾಳಿಯಲ್ಲೇ ನಿಲ್ಲಿಸಿ ಅಳಿಯನ ಮುಖ ನೋಡಿದರು. ಅಳಿಯ ಗೋಡೆಯ ಮೇಲಿದ್ದ ದುಂಡು ಕೆನ್ನೆಯ ಮಗುವಿನ ಚಿತ್ರ ನೋಡಿದ. ಆ ಮಗು ಎಲ್ಲ ಗೊತ್ತಿರುವವರ ಹಾಗೆ ಅವನನ್ನೇ ನೋಡಿ ನಗುತ್ತಿತ್ತು.

"ಈಗಿನ ಮಾತಲ್ಲ ನಾನು ಕೇಳಿದ್ದು," ಅಂದರು ಡಾಕ್ಟರಮ್ಮ. "ಮುಂಚೆ? ಹುಡುಗುತನದಲ್ಲಿ? ಶಾಲೆ, ಕಾಲೇಜು ಅಂತ ಓಡಾಡೋ ವಯಸ್ಸಲ್ಲಿ?"

"ಯಾವ ವಯಸ್ಸಲ್ಲೂ ಇಲ್ಲ. ನಮ್ಮ ಮನೇಲಿ ಅದನ್ನ ಯಾರೂ ಮುಟ್ಟಿಲ್ಲ, ಮುಟ್ಟೋದೂ ಇಲ್ಲ. ಮುಂದಿನ ಪ್ರಶ್ನೆ ಕೇಳಿ."

"ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತಿದ್ರೆ..."

"ಹೊರಗೆ ಫ್ಯಾನಿಲ್ಲ," ಅಂದರು ಅತ್ತೆ, ಕುರ್ಚಿಯಲ್ಲಿ ಇನ್ನಷ್ಟು ಗಟ್ಟಿಯಾಗಿ ಕೂತು.

ಮದುವೆಯಾಗಿ ಆರು ವರ್ಷವಾದರೂ ಮಗುವಾಗಿಲ್ಲ ಎಂದು ಗಂಡ ಹೆಂಡತಿ ಡಾಕ್ಟರಮ್ಮನ ಹತ್ತಿರ ಬಂದಿದ್ದರು. ಅತ್ತೆ ಜೊತೆಗೆ ಬಂದಿದ್ದರು ಅನ್ನುವುದಕ್ಕಿಂತ ಇಬ್ಬರನ್ನೂ ಕರೆದುಕೊಂಡು ಬಂದಿದ್ದರು ಅನ್ನುವುದೇ ಸರಿ.

"ಸರಿ, ಏನು ಕೆಲಸ ಇವರದು?"

"ಡ್ರೈಕ್ಲೀನಿಂಗ್ ಅಂಗಡಿ ನಮ್ಮದು. ಇವರು ಸ್ಟೀಮ್ ಪ್ರೆಸ್ ಮುಂದೆ. ಆವಿ ಅಂದ್ರೆ ಆವಿ, ರೈಲಿನ ಹಾಗೆ ಬುಸುಗುಡುತ್ತೆ."

"ಯಂತ್ರ ಎಷ್ಟೆತ್ತರ ಇರುತ್ತೆ?"

ಅತ್ತೆ ಎದ್ದು ನಿಂತು ಅಳಿಯನ ಪಕ್ಕಕ್ಕೆ ಬಂದು, ಇಷ್ಟು ಎಂದು ಕೈ ಇಟ್ಟು ತೋರಿಸಹೋದರು. ಕೈ ಎಲ್ಲಿಗೆ ಬರುತ್ತದೆ ಎಂದು ಅರ್ಧ ದಾರಿಯಲ್ಲಿ ಗೊತ್ತಾಗಿ ಸರಕ್ಕನೆ ಹಿಂದಕ್ಕೆಳೆದುಕೊಂಡರು. "ಅಲ್ಲಿಗೇ," ಅಂದರು, ಛಾವಣಿ ನೋಡುತ್ತ.

ಡಾಕ್ಟರಮ್ಮ ನಗು ನುಂಗಿಕೊಂಡರು. "ಬಿಸಿ ಒಳ್ಳೇದಲ್ಲ. ಕೆಲವು ತಿಂಗಳು ದೂರ ಇರಲಿ. ಆದ್ರೆ ಅದೊಂದೇ ಕಾರಣ ಅಂತ ನನಗೆ ಅನ್ನಿಸ್ತಿಲ್ಲ. ಇವರ ವೀರ್ಯದ ವರದಿಯಲ್ಲಿ ಎಣಿಕೆನೂ ಕಡಿಮೆ, ಚುರುಕೂ ಕಡಿಮೆ. ಹಿಂದಿನ ಚಟ ಏನಾದ್ರೂ ಇದ್ದಿದ್ರೆ ಮೊದಲು ಅದರ ಬೆನ್ನು ಹತ್ತಬಹುದಿತ್ತು. ಇಲ್ಲ ಅಂತೀರಿ. ಹಾಗಾದ್ರೆ ಸುಮ್ಮನೆ ಕಾಯೋದು ಬೇಡ, ನಿಮ್ಮ ಮಗಳ ಹೊಟ್ಟೆ ಒಳಗೂ ಒಂದ್ಸಲ ನೋಡಿಬಿಡೋಣ. ಮತ್ತು ಬರೋ ಔಷಧಿ ಕೊಟ್ಟು, ಹೊಕ್ಕುಳ ಹತ್ತಿರ ಸಣ್ಣ ತೂತು ಮಾಡಿ, ಒಂದು ಕ್ಯಾಮೆರಾ. ಮುಂದಿನ ಶುಕ್ರವಾರ ಬನ್ನಿ."

ಹೆಂಡತಿ ಅಷ್ಟು ಹೊತ್ತೂ ತನ್ನ ಕೈಬೆರಳುಗಳನ್ನೇ ನೋಡುತ್ತ ಕೂತಿದ್ದಳು. "ಸರಿ," ಅಂದಳು. ಅವಳ ಕೈ ತನಗೇ ಗೊತ್ತಿಲ್ಲದೆ ಹೊಟ್ಟೆಯ ಮೇಲೆ ಬಂದು ಕೂತಿತು. ಅದನ್ನು ಗಂಡ ನೋಡಿದ. ಬಾಯಿ ತೆರೆದ. ಅತ್ತೆ ಅಷ್ಟರಲ್ಲಿ, "ಏಳಿ ಏಳಿ, ಅಂಗಡಿ ಬಾಗಿಲು ಎಷ್ಟು ಹೊತ್ತು ಮುಚ್ಚಿರೋದು," ಅಂದರು. ಅವನು ಬಾಯಿ ಮುಚ್ಚಿದ.

ಅಲ್ಲಿಗೆ ಅವನು ಸುಳ್ಳು ಹೇಳಿರಲಿಲ್ಲ. ನಿಜವನ್ನೂ ಹೇಳಿರಲಿಲ್ಲ. ನಿಜವೇನೆಂದರೆ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಚಿತ್ರಮಂದಿರದ ಹಿಂದಿನ ಗೋಡೆಗೆ ಒರಗಿ ಕುಡಿಯಲು ಶುರುಮಾಡಿದವನು, ಮೀಸೆ ಬಂದು, ಬೋಳಿಸಿ, ಮತ್ತೆ ಬಿಟ್ಟು, ಎರಡು ಕೆಲಸ ಕಳೆದುಕೊಳ್ಳುವವರೆಗೂ ನಿಲ್ಲಿಸಿರಲಿಲ್ಲ. ಕ್ರಿಕೆಟ್ಟಿನಲ್ಲಿ ಗೆದ್ದರೆ ಗೆದ್ದೆವೆಂದು, ಸೋತರೆ ಸೋತೆವೆಂದು, ಪಂದ್ಯವೇ ಇಲ್ಲದಿದ್ದರೆ ಬೇಸರವೆಂದು. ಗೆಳೆಯರು ಇಟ್ಟ ಹೆಸರು ಟ್ಯಾಂಕರ್. ಆ ಹೆಸರು ಹೆಂಡತಿಯ ಕಿವಿಗೂ ಬಿದ್ದಿತ್ತು. ನೀರಿನ ಟ್ಯಾಂಕರಿನಲ್ಲಿ ಕ್ಲೀನರ್ ಆಗಿದ್ದೆ, ಅದಕ್ಕೆ ಎಂದು ಅವನು ಹೇಳಿದ್ದ. ಒಂದು ಬೇಸಿಗೆ ಹಾಗೆ ಇದ್ದದ್ದೂ ಹೌದು. ಕೊನೆಗೆ ಒಂದು ದಿನ ಕೈ ನಡುಗಿ ಯಾರದೋ ಮದುವೆಯ ಕೋಟಿನ ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆಯ ಆಕಾರ ಅಚ್ಚೊತ್ತಿದಾಗ, ತನ್ನ ಕೈ ತನ್ನದಲ್ಲ ಅನ್ನಿಸಿ ಹೆದರಿ ಬಿಟ್ಟಿದ್ದ. ಬಿಟ್ಟು ಕೆಲವು ತಿಂಗಳಿಗೇ ಈ ಸಂಬಂಧ ಬಂತು.

ಹೆಣ್ಣು ನೋಡಲು ಹೋದಾಗ ಅತ್ತೆ ಅವನ ಓದು, ಸಂಬಳ ಯಾವುದನ್ನೂ ಕೇಳಿರಲಿಲ್ಲ. ಒಂದೇ ಪ್ರಶ್ನೆ: "ಕುಡೀತೀರಾ?" ಅದಕ್ಕೊಂದು ಕಾರಣವೂ ಇತ್ತು. ಶಾಯಿ ಕಲೆಗೆ ಹಚ್ಚುವ ಸ್ಪಿರಿಟ್ಟನ್ನು ಹಿಂದೆ ಒಬ್ಬ ಕೆಲಸಗಾರ ಕುಡಿದು, ಬಟ್ಟೆಯ ರಾಶಿಯ ಮೇಲೆ ಬಿದ್ದು, ಆಸ್ಪತ್ರೆ ಸೇರಿ, ಹೇಗೋ ಬದುಕಿಕೊಂಡಿದ್ದ. ಅಂದಿನಿಂದ ಸ್ಪಿರಿಟ್ ಬೀರುವಿಗೆ ಬೀಗ. "ಕುಡಿಯಲ್ಲ," ಅಂದಿದ್ದ ಅವನು. ಆ ಹೊತ್ತಿಗೆ ಅದು ನಿಜ. ಮದುವೆಯಾದ ವಾರಕ್ಕೆ ಅತ್ತೆ ಆ ಬೀಗದ ಕೈಯನ್ನು ಅವನ ಕೈಗೆ ಹಾಕಿ, "ನನ್ನ ಮಗಳಿಗಿಂತ ಜಾಸ್ತಿ ನಂಬಿಕೆ ನಿಮ್ಮ ಮೇಲೆ," ಅಂದುಬಿಟ್ಟರು. ಅಂಥ ಮಾತಿನ ಮೇಲೆ ಇನ್ನೇನು ಹೇಳುವುದು?

ಡಾಕ್ಟರಮ್ಮನ ಮಾತಿನಂತೆ ಮರುದಿನವೇ ಅಂಗಡಿಯಲ್ಲಿ ಜಾಗ ಬದಲಾಯಿತು. ಕೌಂಟರಿನ ಅತ್ತೆ ಪ್ರೆಸ್ಸಿಗೆ ಹೋದರು, ಪ್ರೆಸ್ಸಿನ ಅಳಿಯ ಕೌಂಟರಿಗೆ ಬಂದ. ನಡುವಿನ ಮೇಜು ಎಂದಿನಂತೆ ಹೆಂಡತಿಯದೇ. ಆ ಮೇಜು ಅವಳ ರಾಜ್ಯ. ಪುಟ್ಟ ಪುಟ್ಟ ಬಾಟಲಿಗಳು, ಬ್ರಷ್ಷುಗಳು, ಮೂಳೆಯ ಚಮಚದಂಥ ಒಂದು ಚಪ್ಪಟೆ ಕಡ್ಡಿ, ಬೆಳಕಿಗೆ ಬಾಗಿದ ದೀಪ. ಗಿರಾಕಿಗಳು ಅವಳನ್ನು ಕಲೆ ಡಾಕ್ಟರ್ ಎಂದೇ ಕರೆಯುತ್ತಿದ್ದರು.

ಯಂತ್ರಗಳ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ಆ ಅಂಗಡಿಗೆ ಒಂದು ಪದ್ಧತಿಯಿತ್ತು. ಬಟ್ಟೆ ಬಂದ ಕೂಡಲೇ ಕೌಂಟರಿನವರು ಕಲೆಯ ಹೆಸರನ್ನು ಕೂಗಬೇಕು. ಮೇಜಿನವರು ಅದನ್ನು ತಿರುಗಿ ಕೂಗಬೇಕು. "ಶಾಯಿ!" "ಶಾಯಿ!" "ಗ್ರೀಸು, ಹಳೇದು!" "ಗ್ರೀಸು, ಹಳೇದು!" ಹೊಸ ಗಿರಾಕಿಗಳು ಕವಾಯತಿನ ಮೈದಾನಕ್ಕೆ ಬಂದವರಂತೆ ಬೆಚ್ಚಿಬೀಳುತ್ತಿದ್ದರು. ಹಳಬರು ಮಾತ್ರ, ಕೂಗು ಬೀಳುವ ಮೊದಲೇ ಸುತ್ತ ಯಾರಿದ್ದಾರೆ ಎಂದು ನೋಡಿಕೊಳ್ಳುತ್ತಿದ್ದರು. ಏಕೆಂದರೆ ಕಲೆಯ ವಿಷಯದಲ್ಲಿ ಜನ ಹೇಳುವಷ್ಟು ಸುಳ್ಳು ಬೇರೆ ಯಾವ ವಿಷಯದಲ್ಲೂ ಹೇಳುವುದಿಲ್ಲ. ತುಟಿಯ ಬಣ್ಣ ಟೊಮೇಟೊ ಆಗುತ್ತದೆ, ರಕ್ತ ಹಣ್ಣಿನ ರಸವಾಗುತ್ತದೆ.

ಅಳಿಯ ಕೌಂಟರಿನಲ್ಲಿ ಕೂತ ಮೊದಲ ದಿನವೇ ಬೂದು ಕೋಟು ಹಿಡಿದು ಒಬ್ಬರು ಬಂದರು. ವಿಮೆ ಮಾಡಿಸುವ ಏಜೆಂಟು, ಗಂಭೀರ ಮನುಷ್ಯ. ಕೋಟನ್ನು ಮಡಿಸಿದ ಹಾಗೇ ಇಟ್ಟು, "ತೋಳಿನ ಮೇಲೆ ಸ್ವಲ್ಪ ಕಾಫಿ ಚೆಲ್ಲಿದೆ," ಅಂದರು.

ಅಳಿಯ ತೋಳನ್ನು ಎತ್ತಿ ಮೂಗಿನ ಹತ್ತಿರ ಹಿಡಿದ. ಆಮೇಲೆ ಆದದ್ದನ್ನು ಅವನ ತಲೆ ಮಾಡಲಿಲ್ಲ, ಮೂಗು ಮತ್ತು ಗಂಟಲು ಸೇರಿ ಮಾಡಿದವು.

"ರಮ್ಮು! ಕೋಲಾ ಬೆರೆಸಿದ್ದು!"

"ರಮ್ಮು, ಕೋಲಾ!" ಎಂದು ಮೇಜಿನಿಂದ ಮರುಕೂಗು ಬಂತು.

"ಮೆಲ್ಲಗೆ ರೀ ಮಾರಾಯ್ರೇ!" ಏಜೆಂಟರು ಕೌಂಟರಿನ ಮೇಲೆ ಬಗ್ಗಿಯೇಬಿಟ್ಟರು. "ನನ್ನ ಹೆಂಡತಿ ಹೊರಗೆ ಸ್ಕೂಟರ್ ಮೇಲೆ ಕೂತಿದ್ದಾಳೆ!"

ಹಿಂದೆ ಪ್ರೆಸ್ಸಿನ ಬುಸುಗುಡುವಿಕೆ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಏಜೆಂಟರು ಹೋದ ಮೇಲೆ ಹೆಂಡತಿ ಕೋಟನ್ನು ದೀಪದ ಕೆಳಗೆ ಹಿಡಿದು ನೋಡಿದಳು. "ಹೌದಲ್ರೀ! ಕಾಫಿ ಅಂತ ತಿಳ್ಕೊಂಡು ಕೈ ಹಾಕಿದ್ರೆ ಕೆಡ್ತಿತ್ತು. ಅದೆಲ್ಲ ಸರಿ, ಕೋಲಾ ಬೆರೆಸಿದ್ದು ಅಂತ ಹೇಗೆ ಗೊತ್ತಾಯ್ತು?"

"ವಾಸನೆ."

"ವಾಸನೆ ನನಗೂ ಬರುತ್ತೆ. ಸೋಡಾನಾ ಕೋಲಾನಾ ಅಂತ ನನಗೆ ಗೊತ್ತಾಗಲ್ಲ."

"ನೀರಿನ ಟ್ಯಾಂಕರಲ್ಲಿ ಇದ್ದೋನಿಗೆ ನೀರು ನೀರಿಗೂ ವ್ಯತ್ಯಾಸ ಗೊತ್ತಾಗುತ್ತೆ ಕಣೇ."

"ಹೂಂ," ಅಂದಳು ಹೆಂಡತಿ. ಅವಳ "ಹೂಂ"ಗಳಲ್ಲಿ ನಂಬಿದ ಹೂಂ ಬೇರೆ, ಎತ್ತಿಟ್ಟುಕೊಂಡ ಹೂಂ ಬೇರೆ. ಇದು ಎರಡನೆಯದು.

ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಕೆಲಸ ಬಲ್ಲ ಮೂಗು ಸುಮ್ಮನಿರುವುದಿಲ್ಲ. ಮರುದಿನ ಒಬ್ಬ ಹುಡುಗಿ ಬಿಳಿ ಅಂಗಿ ತಂದು, "ಕಲೆ ಏನಿಲ್ಲ, ಬರೀ ಇಸ್ತ್ರಿ," ಅಂದಳು. ಅಂಗಿ ಹಾಲಿನಂತಿತ್ತು. ಅತ್ತೆ ಪ್ರೆಸ್ಸಿನ ಬಾಯಿ ತೆರೆದು ಅದನ್ನು ಹಾಸಿಯೂ ಆಗಿತ್ತು. ಅಷ್ಟರಲ್ಲಿ ಅಳಿಯ, ಅಂಗಿಯ ಎದೆಭಾಗ ಹಿಡಿದಿದ್ದ ತನ್ನ ಅಂಗೈ ಮೂಸಿ, ಕೌಂಟರಿನಿಂದ ಎದ್ದು ಓಡಿಬಂದ. "ಒತ್ತಬೇಡಿ ಅತ್ತೇ! ಜಿನ್ನು! ನಿಂಬೆರಸ, ಸಕ್ಕರೆ ಹಾಕಿದ್ದು! ಎದೆ ಮೇಲೆ ಅಂಗೈ ಅಗಲ ಬಿದ್ದಿದೆ!"

ಸಕ್ಕರೆ ಬಿದ್ದ ಪಾನೀಯ ಒಣಗಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಬಿಸಿ ತಾಗಿದಾಗ ಮಾತ್ರ ಕಂದು ಬಣ್ಣಕ್ಕೆ ತಿರುಗಿ ಎದ್ದು ಬರುತ್ತದೆ, ಆಮೇಲೆ ಅದನ್ನು ತೆಗೆಯುವುದು ಬಲು ಕಷ್ಟ. ಹೆಂಡತಿ ಅಂಗಿಯನ್ನು ಎತ್ತಿಕೊಂಡು ಹೋಗಿ ತಣ್ಣೀರಿಗೆ ಹಾಕಿದಳು. ಅತ್ತೆ ಅಳಿಯನನ್ನೇ ದಿಟ್ಟಿಸಿ, "ನಿಮ್ಮ ಮೂಗಿಗೆ ಪದಕ ಕೊಡಬೇಕು," ಅಂದರು. ಹೊಗಳಿಕೆಯೋ ಏನೋ ಅವನಿಗೆ ತಿಳಿಯಲಿಲ್ಲ. ಪ್ರೆಸ್ಸಿನ ಆವಿಯಲ್ಲಿ ಅತ್ತೆಯ ಮುಖ ಸರಿಯಾಗಿ ಕಾಣುತ್ತಿರಲಿಲ್ಲ.

"ಜಿನ್ನು ತುಂಬಿಸ್ತಿದ್ರಾ ಆ ಟ್ಯಾಂಕರಿಗೆ?" ಅಂದಳು ಹೆಂಡತಿ ತಣ್ಣೀರಿನ ತೊಟ್ಟಿಯಿಂದ ತಲೆ ಎತ್ತದೆ.

ಬೇರೆ ವಾರವಾಗಿದ್ದರೆ ಅವಳು ಅಲ್ಲಿಗೇ ಬಿಡುತ್ತಿರಲಿಲ್ಲ, ಎಳೆ ಹಿಡಿದು ಇಡೀ ಬಟ್ಟೆಯನ್ನೇ ಬಿಚ್ಚುತ್ತಿದ್ದಳು. ಆದರೆ ಶುಕ್ರವಾರ ಹತ್ತಿರ ಬರುತ್ತಿತ್ತು. ಮೇಜಿನ ಮುಂದೆ ಕೂತವಳು ಇದ್ದಕ್ಕಿದ್ದಂತೆ ಬ್ರಷ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಎಲ್ಲೋ ನೋಡುತ್ತಿದ್ದಳು. ಬುಧವಾರ ಸಂಜೆ ಬಟ್ಟೆಗಳನ್ನು ಹ್ಯಾಂಗರಿಗೆ ಹಾಕುತ್ತ ಅವಳೇ ಮಾತು ತೆಗೆದಳು.

"ರೀ, ಮತ್ತು ಕೊಟ್ಟಾಗ ಮಾತಾಡ್ತಾರಂತೆ, ಹೌದಾ?"

"ನೀನು ಎಚ್ಚರ ಇದ್ದಾಗ ಆಡೋದಕ್ಕಿಂತ ಜಾಸ್ತಿ ಏನು ಆಡ್ತೀಯ?"

ಅವಳು ನಗಲಿಲ್ಲ. "ನಂಗೊತ್ತು ರೀ, ಏನಾಗಿದೆ ಅಂತ. ಈ ಬಾಟಲಿಗಳು. ಹುಡುಗಿಯಾಗಿದ್ದಾಗಿಂದ ಇದರ ಘಾಟು ಕುಡ್ಕೊಂಡೇ ಕೂತಿದ್ದೀನಲ್ಲ. ಒಳಗೆಲ್ಲ ಒಣಗಿಹೋಗಿರುತ್ತೆ. ಡಾಕ್ಟರಮ್ಮ ಕ್ಯಾಮೆರಾ ಹಾಕಿ ನೋಡಿ ಅದನ್ನೇ ಹೇಳ್ತಾರೆ ನೋಡಿ. ಈ ಮೇಜು ಬಿಟ್ಟುಬಿಡ್ತೀನಿ. ಬೇರೆ ಯಾರಾದ್ರೂ ಕೂತ್ಕೊಳ್ಲಿ."

"ಏಯ್, ಹುಚ್ಚಿ. ನಿನ್ನದೇನೂ ಇಲ್ಲ."

"ಹೇಗೆ ಹೇಳ್ತೀರಿ? ನಿಮಗೇನು ಒಳಗೆ ಕಾಣುತ್ತಾ?"

ಅವನು ಹ್ಯಾಂಗರ್ ನೋಡಿದ. ಹೇಳುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಲ್ಲೇ ಹಿಂದೆ ಅತ್ತೆ ಪ್ರೆಸ್ ಒರೆಸುತ್ತಿದ್ದರು, ಅವನ ಸೊಂಟದಲ್ಲಿ ಸ್ಪಿರಿಟ್ ಬೀರುವಿನ ಬೀಗದ ಕೈ ತೂಗುತ್ತಿತ್ತು. "ಊಟಕ್ಕೇಳು," ಅಂದ.

ಗುರುವಾರ ಬೆಳಿಗ್ಗೆ ಬಸ್ಸಿನವನು ಬಂದ. ಹೆಂಡತಿ ಮತ್ತು ಅತ್ತೆ ಒಗೆದ ಪರದೆಗಳನ್ನು ಒಣಗಿಸಲು ಮೇಲಕ್ಕೆ ಹೋಗಿದ್ದರು. ಬಸ್ಸಿನವನು ಚಿತ್ರಮಂದಿರದ ಗೋಡೆಗೆ ಜೊತೆಯಲ್ಲಿ ಒರಗಿದ್ದ ಹಳೆಯ ಗೆಳೆಯ. ಈಗ ಸಿಟಿ ಬಸ್ಸಿನ ಡ್ರೈವರ್, ಮೂರು ಮಕ್ಕಳ ತಂದೆ.

"ಏನೋ ಟ್ಯಾಂಕರ್! ಕೌಂಟರಿಗೆ ಬಡ್ತಿನಾ?" ಎಂದು ಸಮವಸ್ತ್ರವನ್ನು ಕೌಂಟರಿನ ಮೇಲೆಸೆದ.

"ಮೆಲ್ಲಗೆ ಮಾತಾಡೋ ಕತ್ತೆ."

ಗೆಳೆಯನ ಮುಂದೆ ತಡೆಯಲಾಗದೆ ಟ್ಯಾಂಕರ್ ಎಲ್ಲವನ್ನೂ ಹೇಳಿಬಿಟ್ಟ. ಬಸ್ಸಿನವನು ಕೇಳಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. "ಕೆಮ್ಮಿನ ಔಷಧಿಗೂ ಮೂಗು ಹಿಡ್ಕೋತಾರೆ ಅಂದ್ರಾ? ನೀನು ಕೆಮ್ಮಿನ ಔಷಧಿನೇ ಒಂದು ಸಲ ಇಡೀ ಬಾಟಲಿ ಇಳಿಸಿದ್ದೆಯಲ್ಲೋ, ಬಾರು ಮುಚ್ಚಿತ್ತು ಅಂತ!"

"ನೀನೂ ನನ್ನಷ್ಟೇ ಕುಡಿದೆ. ನಿನಗೆ ಮೂರು. ಹಾಗಾದ್ರೆ ನನ್ನದು ಅದರಿಂದ ಅಲ್ಲ ಅಂತಾಯ್ತಲ್ಲ?" ಅವನ ದನಿಯಲ್ಲಿ ಒಂದು ಆಸೆಯಿತ್ತು.

ಬಸ್ಸಿನವನ ನಗು ಕಡಿಮೆಯಾಯಿತು. ಸಮವಸ್ತ್ರದ ಗುಂಡಿ ತಿರುವುತ್ತ ನಿಂತ. "ಮೂರಿದೆ ಕಣೋ. ಮಧ್ಯದವನಿಗೆ ಮಾತು ಬಹಳ ತಡ ಆಯ್ತು, ಗೊತ್ತಲ್ಲ? ಈಗಲೂ ಒಂದು ಕಡೆ ಕೂರಲ್ಲ. ಡಾಕ್ಟರು ಕೇಳಿದ್ರು, ತಂದೆ ಕುಡೀತಿದ್ರಾ ಅಂತ. ನಾನು ಇಲ್ಲ ಅಂದೆ. ಅವರು ಸರಿ ಅಂದ್ರು. ಆಮೇಲೆ ಏನಾಯ್ತು ಹೇಳು. ನಮ್ಮವಳು, ಬಸುರಿಯಾಗಿದ್ದಾಗ ನಾನೇನು ತಿಂದೆ, ಎಲ್ಲಿ ಜಾರಿದೆ, ಯಾವ ಮಾತ್ರೆ ನುಂಗಿದೆ ಅಂತ ವರ್ಷಗಟ್ಟಲೆ ತನ್ನನ್ನೇ ಬೈಕೊಂಡು ಕೂತಳು. ನಾನು ಪಕ್ಕದಲ್ಲೇ ಕೂತು ಹೌದೇನೋ ಅಂತ ತಲೆ ಆಡಿಸ್ತಿದ್ದೆ."

"ಆಮೇಲೆ?"

"ಆಮೇಲೆ ಒಂದಿನ ಹೇಳಿದೆ. ಡಾಕ್ಟರು, ಅದರಿಂದ ಅಂತಾನೂ ಹೇಳೋಕಾಗಲ್ಲ, ಅಲ್ಲ ಅಂತಾನೂ ಹೇಳೋಕಾಗಲ್ಲ ಅಂದ್ರು. ಆದ್ರೆ ನಮ್ಮವಳು ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ಲು ಕಣೋ. ನನ್ನ ಜೊತೆ ಒಂದು ತಿಂಗಳು ಮಾತಾಡಲಿಲ್ಲ, ಅದು ಬೇರೆ." ಅವನು ಸಮವಸ್ತ್ರವನ್ನು ತಳ್ಳಿದ. "ಗ್ರೀಸು. ನಿಜವಾಗ್ಲೂ ಗ್ರೀಸೇ. ಕೂಗು."

ಆ ಮಧ್ಯಾಹ್ನ ಅಂಗಡಿಯಲ್ಲಿ ಎಲ್ಲರೂ ಇದ್ದರು. ಹೆಂಡತಿ ಮೇಜಿನ ಬಾಟಲಿಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದಳು, ಬೇರೆಯವರಿಗೆ ಬಿಟ್ಟುಕೊಡುವವಳ ಹಾಗೆ. ಅತ್ತೆ ಯಂತ್ರದ ಮುಂದೆ. ಕೌಂಟರಿನ ಎದುರು ಕೋಟು ವಾಪಸ್ ಒಯ್ಯಲು ಬಂದ ವಿಮೆ ಏಜೆಂಟರು. ಗಂಡ ಕೋಟನ್ನು ಅವರ ಕೈಗೆ ಕೊಟ್ಟ, ನಿಂತ, ಗಂಟಲು ಸರಿಮಾಡಿಕೊಂಡ. ಆ ಅಂಗಡಿಯಲ್ಲಿ ಒಂದು ವಿಷಯವನ್ನು ಹೇಳುವ ಬೇರೆ ದಾರಿ ಅವನಿಗೆ ಗೊತ್ತಿರಲಿಲ್ಲ. ಕೂಗಿದ.

"ರಮ್ಮು!"

ಹೆಂಡತಿ ಅಭ್ಯಾಸಬಲದಿಂದ ಕೂಗಿದಳು: "ರಮ್ಮು!"

"ವಿಸ್ಕಿ! ಬಿಯರು! ಜಿನ್ನೂ ಇದೆ!"

"ವಿಸ್ಕಿ, ಬಿಯರು, ಜಿನ್ನು!" ಅವಳು ತಲೆ ಎತ್ತಿದಳು. "ಏನ್ರೀ ಅದು, ಒಂದೇ ಬಟ್ಟೇಲಿ ಅಷ್ಟೊಂದು? ಎಷ್ಟು ಹಳೇದು?"

"ಹತ್ತು ವರ್ಷ ಸತತ ಬಿದ್ದಿದ್ದು! ಮೀಸೆ ಬರೋಕೆ ಮುಂಚಿಂದ!"

"ಯಾವ ಬಟ್ಟೆ? ತನ್ನಿ ಇಲ್ಲಿ."

"ಬಟ್ಟೆ ಅಲ್ಲ ಕಣೇ. ನಾನು."

ಪ್ರೆಸ್ ನಿಂತಿತು. ಈ ಸಲ ಮತ್ತೆ ಶುರುವಾಗಲಿಲ್ಲ. ಏಜೆಂಟರು ಕೋಟನ್ನು ಎದೆಗವಚಿಕೊಂಡು, "ನನ್ನದು ಕಾಫಿ," ಎಂದು ಯಾರೂ ಕೇಳದಿದ್ದರೂ ಹೇಳಿ ಹೊರಗೆ ಹೋದರು.

ಗಂಡ ಅಲ್ಲೇ ನಿಂತು ಉಳಿದದ್ದನ್ನು ಹೇಳಿದ. ಚಿತ್ರಮಂದಿರದ ಗೋಡೆ, ಕಳೆದ ಕೆಲಸಗಳು, ಸುಟ್ಟ ಕೋಟು, ಡಾಕ್ಟರಮ್ಮನ ಮುಂದೆ ನುಂಗಿದ ಮಾತು. ಹೆಂಡತಿ ಕೇಳುತ್ತ ಕೇಳುತ್ತ ಎದ್ದು ಬಂದಳು. ಬ್ರಷ್ ಕೈಯಲ್ಲೇ ಇತ್ತು.

"ನೀನು ಕುಡಿದಿದ್ದಕ್ಕಲ್ಲ ನನಗೆ ಸಿಟ್ಟು," ಅಂದಳು. ಮದುವೆಯಾದಂದಿನಿಂದ ಅವಳು ಅವನನ್ನು ನೀನು ಅಂದದ್ದು ಅದೇ ಮೊದಲು. "ನಾಳೆ ಬೆಳಿಗ್ಗೆ ನನ್ನ ಹೊಟ್ಟೆಗೆ ತೂತು ಮಾಡ್ತಾರೆ. ನಾನು ನನ್ನ ಮೇಜನ್ನ ಪೆಟ್ಟಿಗೆಗೆ ತುಂಬ್ತಿದ್ದೀನಿ. ನೀನು ಹ್ಯಾಂಗರ್ ನೋಡ್ಕೊಂಡು 'ಊಟಕ್ಕೇಳು' ಅಂದೆ! ಊಟಕ್ಕೇಳು!"

"ತಪ್ಪಾಯ್ತು."

"ತಪ್ಪಾಗದೆ ಇನ್ನೇನಾಗುತ್ತೆ?" ಅವಳು ಬ್ರಷ್ಷಿನಿಂದ ಅವನ ಭುಜಕ್ಕೆ ಒಂದು ಬಿಟ್ಟಳು. ಬ್ರಷ್ಷು ಮೃದುವಾದದ್ದು, ರೇಷ್ಮೆಗೆಂದು ಇಟ್ಟದ್ದು. ಪೆಟ್ಟು ತಾಗಲಿಲ್ಲವೆಂದು ಇನ್ನೂ ಸಿಟ್ಟು ಬಂದು ಒಳಗೆ ಹೋದಳು.

ಅವನು ಸೊಂಟದಿಂದ ಬೀಗದ ಕೈ ತೆಗೆದು, ಪ್ರೆಸ್ಸಿನ ಪಕ್ಕ ನಿಂತಿದ್ದ ಅತ್ತೆಯ ಮುಂದೆ ಹಿಡಿದ. ಅತ್ತೆ ಅದನ್ನು ತೆಗೆದುಕೊಳ್ಳಲಿಲ್ಲ. ಬೈಯಲೂ ಇಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. "ನಾಳೆ ಡಾಕ್ಟರಮ್ಮನ ಹತ್ರ ನಾನೂ ಬರ್ತೀನಿ," ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು.

ಶುಕ್ರವಾರ ಬೆಳಿಗ್ಗೆ ಹೆಂಡತಿ ಆಪರೇಷನ್ನಿಗೆಂದು ಹೇಳಿದ್ದಂತೆ ಏನೂ ತಿಂದಿರಲಿಲ್ಲ. ಗಂಡನಿಗೆ ತಿಂಡಿ ಬೇಕಾ ಎಂದು ಯಾರೂ ಕೇಳಿರಲಿಲ್ಲ. ಹಿಂದಿನ ರಾತ್ರಿಯೂ ಕೇಳಿರಲಿಲ್ಲ.

ಡಾಕ್ಟರಮ್ಮ ಹಸಿರು ಟೋಪಿ ಹಾಕಿಕೊಂಡು ಸಿದ್ಧವಾಗಿದ್ದರು. ಗಂಡ ನಿಂತುಕೊಂಡೇ ಎಲ್ಲ ಹೇಳಿದ. ಕೇಳಿ ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

"ಅಲ್ಲಪ್ಪಾ, ಒಳಗೆ ಎಲ್ಲ ರೆಡಿ ಇದೆ, ಈಗ ಹೇಳ್ತೀರಲ್ಲ!"

"ಮೊದಲೇ ಹೇಳಬೇಕಿತ್ತು."

"ಹೇಳಬೇಕಿತ್ತು. ನೋಡಿ, ಬಿಟ್ಟ ಮೇಲೆ ಎಷ್ಟೋ ಜನಕ್ಕೆ ಕೆಲವು ತಿಂಗಳಲ್ಲೇ ಸರಿಹೋಗುತ್ತೆ. ಆದ್ರೆ ಮೈ ಬೆಳೆಯೋ ವಯಸ್ಸಲ್ಲಿ ಶುರುಮಾಡಿ ಅಷ್ಟು ವರ್ಷ ಸುರಿದಿದ್ದೀರಿ, ಕೆಲವರಿಗೆ ಹಾರ್ಮೋನಿನ ಏರುಪೇರು ಉಳಿದಿರಬಹುದು. ನಿಮ್ಮದು ಅದೇನಾ ಅಂತ ನನಗೆ ಗೊತ್ತಿಲ್ಲ. ಗೊತ್ತುಮಾಡ್ಕೋಬೇಕಾದ್ರೆ ಬೆಳಗ್ಗಿನ ರಕ್ತ ಬೇಕು. ಅದನ್ನ ಮೊದಲು ನೋಡೋಣ. ಇವರ ಆಪರೇಷನ್ ಸದ್ಯಕ್ಕೆ ಬೇಡ. ಆಮೇಲೂ ಬೇಕಾಗದೆ ಇರಬಹುದು, ಬೇಕಾಗಲೂಬಹುದು."

"ಡಾಕ್ಟರಮ್ಮ, ನನ್ನ ಬಾಟಲಿಗಳು?" ಅಂದಳು ಹೆಂಡತಿ.

"ಕಿಟಕಿ ತೆಗೆದಿಡಿ, ಕೈಗವಸು ಹಾಕ್ಕೊಳ್ಳಿ. ಯಾವ್ಯಾವ ಬಾಟಲಿ ಅಂತ ತಂದು ತೋರಿಸಿ, ಬಿಡಬೇಕಾದ್ದು ಇದ್ರೆ ಹೇಳ್ತೀನಿ. ನಿಮ್ಮ ರಕ್ತ, ಸ್ಕ್ಯಾನು ಎರಡೂ ಚೆನ್ನಾಗೇ ಇದೆ."

"ಮುಂದೆ ಮಗು ಆದ್ರೆ ಮಗುಗೆ ಏನಾದ್ರೂ...?" ಎಂದು ಗಂಡ ಮೆಲ್ಲಗೆ ಕೇಳಿದ.

"ಇಲಿಗಳ ಮೇಲೆ ನೋಡಿದ್ದಾರೆ, ಅಪ್ಪ ಇಲಿ ಕುಡಿದಿದ್ರೆ ಮರಿಗಳಲ್ಲೂ ಕೆಲವು ವ್ಯತ್ಯಾಸ ಕಾಣ್ತವೆ ಅಂತ. ಮನುಷ್ಯರಲ್ಲಿ ಇಷ್ಟೇ ಅಂತ ಕೈ ಇಟ್ಟು ಹೇಳೋ ಹಾಗಿಲ್ಲ. ಬಿಟ್ಟಿದ್ದೀರಿ, ಒಳ್ಳೇದು. ಬಿಟ್ಟೇ ಇರಿ."

"ಇಲಿಗೆ ಕುಡಿಸಿದ್ದು ಯಾರು?" ಅಂದರು ಅತ್ತೆ. ಅಷ್ಟು ಹೊತ್ತಿನಿಂದ ಅವರು ಆಡಿದ ಮೊದಲ ಮಾತು ಅದು. ಯಾರಾದರೂ ಉತ್ತರ ಕೊಡುವ ಮೊದಲೇ ಮುಂದುವರಿದರು: "ಅಮ್ಮ ಇಲಿ ಕುಡಿದ್ರೆ?"

ಮೂವರೂ ಅವರತ್ತ ತಿರುಗಿದರು.

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನಾನು ಹುಡುಗಿಯಾಗಿದ್ದಾಗ ಒಂದು ದೊಡ್ಡ ಹೋಟೆಲಿನ ಲಾಂಡ್ರೀಲಿ ಕೆಲಸಕ್ಕಿದ್ದೆ. ರೂಮುಗಳಿಂದ ಚಾದರದ ಜೊತೆ ಅರ್ಧ ಖಾಲಿಯಾದ ಬಾಟಲಿಗಳೂ ಬುಟ್ಟಿಗೆ ಬೀಳ್ತಿದ್ವು. ನಾವು ಹುಡುಗೀರು, ಒಳಗೆ ಬಿಸಿ ಅಂದ್ರೆ ಬಿಸಿ. ಮೊದಮೊದಲು ನಗೋಕೆ ಅಂತ ಕುಡಿದ್ವಿ. ಆಮೇಲೆ ನಗು ಬರದೆ ಇದ್ರೂ ಕುಡಿದ್ವಿ. ಮದುವೆಯಾದ ಮೇಲೂ ನಡೀತು. ಇವಳು ಹೊಟ್ಟೇಲಿದ್ದಾಳೆ ಅಂತ ನನಗೆ ಗೊತ್ತಾಗೋ ಹೊತ್ತಿಗೆ ಎರಡು ಮೂರು ತಿಂಗಳು ಕಳೆದಿತ್ತು. ಗೊತ್ತಾದ ದಿನ ಬಿಟ್ಟೆ. ಆದ್ರೆ ಇವಳಾದ ಮೇಲೆ ಇನ್ನೊಂದು ಆಗಲೇ ಇಲ್ಲ." ಅವರು ಡಾಕ್ಟರಮ್ಮನ ಪೆನ್ನನ್ನೇ ನೋಡಿದರು. "ಅವತ್ತು ನೀವು ಅಳಿಯಂದ್ರನ್ನ ಕೇಳಿದ್ರಿ. ಅವರಾದ ಮೇಲೆ ನನ್ನನ್ನ ಕೇಳ್ತೀರಿ ಅಂತ ಹೆದರಿದೆ. ಅದಕ್ಕೇ ಎಲ್ಲರದ್ದೂ ಸೇರಿಸಿ ನಾನೇ ಹೇಳಿಬಿಟ್ಟೆ."

ಅಳಿಯನ ಬಾಯಿ ತೆರೆದದ್ದು ತೆರೆದೇ ಇತ್ತು. ಜಿನ್ನಿನ ಅಂಗಿಯ ದಿನ ಆವಿಯ ಹಿಂದಿನಿಂದ ಅವರು ಹಾಗೇಕೆ ನೋಡಿದ್ದರೆಂದು ಈಗ ಹೊಳೆಯಿತು. ಆ ವಾಸನೆ ಅವರ ಮೂಗಿಗೂ ತಿಳಿದಿತ್ತು.

"ನನ್ನ ಕುಡಿತ ಇವಳ ಹೊಟ್ಟೆಗೆ ಬಂದು ಕೂತಿದೆಯಾ ಡಾಕ್ಟರಮ್ಮ? ಅದೊಂದು ಹೇಳಿ."

"ಬಸುರಿಯಾಗಿದ್ದಾಗ ಕುಡಿಯೋದು ಕೆಟ್ಟದ್ದು, ಅದರಲ್ಲಿ ಅನುಮಾನ ಬೇಡ," ಅಂದರು ಡಾಕ್ಟರಮ್ಮ ಮೆತ್ತಗೆ. "ಆದ್ರೆ ಇವರ ಈ ತೊಂದರೆ ಅದರಿಂದ ಅಂತ ತೋರಿಸೋ ಪರೀಕ್ಷೆ ನನ್ನ ಹತ್ರ ಇಲ್ಲ. ನೋಡಿರೋ ಮಟ್ಟಿಗೆ ನಿಮ್ಮ ಮಗಳು ಚೆನ್ನಾಗಿದ್ದಾರೆ. ಗೊತ್ತಾದ ದಿನ ಬಿಟ್ರಲ್ಲ, ಅದು ದೊಡ್ಡದು."

ಮಗಳು ತಾಯಿಯನ್ನು ಮೇಲಿಂದ ಕೆಳಗಿನವರೆಗೆ, ಹೊಸ ಗಿರಾಕಿಯನ್ನು ನೋಡುವ ಹಾಗೆ ನೋಡಿದಳು.

"ಓಹೋ," ಅಂದಳು ಕೊನೆಗೆ. "ಅದಕ್ಕೇ ನಾನು ಲೆಕ್ಕದಲ್ಲಿ ಫೇಲಾಗಿದ್ದು!"

"ಅದು ನೀನು ಓದದೆ ಆಗಿದ್ದು!" ಅತ್ತೆಯ ದನಿ ಒಂದೇ ಏಟಿಗೆ ಮರಳಿ ಬಂತು.

"ಎಷ್ಟು ಹೊಡೆದಿದ್ದೆ ಅವತ್ತು! ಆ ಪೆಟ್ಟೆಲ್ಲ ವಾಪಸ್ ಕೊಡು."

"ಕೊಡ್ತೀನಿ ಬಾ, ಬಡ್ಡಿ ಸೇರಿಸಿ ಕೊಡ್ತೀನಿ." ಹೇಳುತ್ತಲೇ ಅತ್ತೆಯ ಕಣ್ಣು ತುಂಬಿತು. ಮಗಳು ಕುರ್ಚಿಯನ್ನು ಸದ್ದಾಗುವಂತೆ ಎಳೆದುಕೊಂಡು ಅವರ ಪಕ್ಕ ಹೋಗಿ ಕೂತಳು. ಅಳಿಯ ತಾನೂ ಅತ್ತ ಸರಿಯಲೇ ಬೇಡವೇ ಎಂದು ಯೋಚಿಸುತ್ತ ಅರ್ಧ ಎದ್ದು ಅರ್ಧ ಕೂತಿದ್ದ.

"ನೀವು ಆ ಕಡೆ ಹೋಗಿ," ಎಂದು ಡಾಕ್ಟರಮ್ಮ ರಕ್ತ ತೆಗೆಯುವ ಕೋಣೆ ತೋರಿಸಿದರು.

ಅಲ್ಲಿ ಎತ್ತರದ ಒಂದು ಕುರ್ಚಿ. ನರ್ಸ್ ಅವನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮೊಣಕೈ ಒಳಗಡೆ ಬೆರಳಿನಿಂದ ತಟ್ಟಿ ತಟ್ಟಿ ನರ ಹುಡುಕಿದಳು. ಹೆಂಡತಿ ಹಿಂದೆಯೇ ಬಂದು ಪಕ್ಕದಲ್ಲಿ ನಿಂತಳು. ಇನ್ನು ಉಪವಾಸವಿರಬೇಕಾಗಿಲ್ಲವೆಂದು ಗೊತ್ತಾದ ಕೂಡಲೇ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದಿದ್ದಳು. ಒಂದನ್ನೂ ಅವನಿಗೆ ಕೊಡದೆ ಕರುಕುರು ತಿನ್ನುತ್ತಿದ್ದಳು.

"ನನ್ನ ಜೊತೆ ಮಾತಾಡ್ತೀಯಾ?" ಅಂದ ಅವನು.

"ಯೋಚನೆ ಮಾಡ್ತಿದ್ದೀನಿ."

"ಎಷ್ಟು ದಿನ ಯೋಚನೆ ಮಾಡ್ತೀಯ?"

"ನೀನು ಮೀಸೆ ಬರೋಕೆ ಮುಂಚೆ ಶುರುಮಾಡಿದ್ದೆಯಲ್ಲ, ನಾನು ನಿನ್ನ ಮೀಸೆ ಹಣ್ಣಾಗೋವರೆಗೆ ಮಾಡ್ತೀನಿ. ಸೂಜಿ ಬಂತು, ಕಣ್ಣು ಮುಚ್ಚಿಕೋ."

"ನಾನೇನು ಚಿಕ್ಕ ಮಗುನಾ?"

ಸೂಜಿ ಒಳಗೆ ಹೋಯಿತು. ಅವನು ಕಣ್ಣು ಮುಚ್ಚಲಿಲ್ಲ. ಪುಟ್ಟ ಗಾಜಿನ ನಳಿಕೆಯಲ್ಲಿ ತನ್ನ ರಕ್ತ ಮೇಲೇರುವುದನ್ನು ನೋಡುತ್ತ ನೋಡುತ್ತ ಅವನ ಮುಖದ ಬಣ್ಣ ಇಳಿಯಿತು, ತಲೆ ಮೆಲ್ಲಗೆ ಒಂದು ಕಡೆ ವಾಲಿತು, ಮೈ ಕುರ್ಚಿಯಿಂದ ಜಾರತೊಡಗಿತು. ನರ್ಸ್ ಅಯ್ಯೋ ಎನ್ನುವಷ್ಟರಲ್ಲಿ ಹೆಂಡತಿ ಬಿಸ್ಕತ್ತನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು, ಎರಡೂ ಕೈಯಿಂದ ಅವನ ಕಾಲರನ್ನು ಗಟ್ಟಿಯಾಗಿ ಹಿಡಿದುಕೊಂಡಳು.